ಓದುಗರ ಪ್ರಶ್ನೆ: ಹಳೆಯ ಕಡತ ಕಂಪ್ಯೂಟರಿಗೇರಿದ ಮೇಲೆ ಹುಡುಕಿದರೆ ಸಿಗಬೇಕು

ಮುಂಬೈ, ಪುಣೆ, ಗೋವೆಗಳಲ್ಲಿ ಕನ್ನಡಿಗರು ಕಟ್ಟಿದ ಸಂಘ, ಶಾಲೆ, ಗ್ರಂಥಾಲಯಗಳ ಕಪಾಟುಗಳಲ್ಲಿ ಹಳೆಯ ಸಂಚಿಕೆ, ವರದಿ, ಕೈಬರಹದ ನಡವಳಿಗಳು ತುಂಬಿವೆ. ಅವುಗಳನ್ನು ಸ್ಕ್ಯಾನ್ ಮಾಡಿಸುವ, ಸ್ಕ್ಯಾನ್ ಆದದ್ದರಲ್ಲಿ ಬೇಕಾದ್ದನ್ನು ಹುಡುಕುವ ಬಗ್ಗೆ ಬಂದಿರುವ ಪ್ರಶ್ನೆಗಳಿಗೆ ಈ ಸಲದ ಅಂಕಣವನ್ನು ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನಮ್ಮ ಸಂಘದ ಮಾಸಪತ್ರಿಕೆಯ ಹಲವು ದಶಕಗಳ ಸಂಚಿಕೆಗಳು, ವಾರ್ಷಿಕ ವರದಿಗಳು, ಕೈಬರಹದ ನಡವಳಿ ಪುಸ್ತಕಗಳು ಇವೆ. ಹತ್ತಿರದ ಝೆರಾಕ್ಸ್ ಅಂಗಡಿಯವರು ಪುಟಕ್ಕಿಷ್ಟು ಎಂದು ತೆಗೆದುಕೊಂಡು ಪಿಡಿಎಫ್ ಮಾಡಿಕೊಡುತ್ತೇವೆ ಎನ್ನುತ್ತಾರೆ. ಕೊಡಬಹುದೇ?
ಸಂಘವೊಂದರ ಕಾರ್ಯದರ್ಶಿ, ಮಾಟುಂಗಾ

ಉತ್ತರ: ಕೊಡಬಹುದು, ಆದರೆ ಈಗಲೇ ಬೇಡ. ಮೊದಲು ಏನೇನಿದೆ ಎಂಬ ಪಟ್ಟಿಯಾಗಲಿ. ಒಂದು ಸಾದಾ ಎಕ್ಸೆಲ್ ಹಾಳೆ ಸಾಕು. ಸಂಪುಟ, ಸಂಚಿಕೆ, ತಿಂಗಳು, ಇಸವಿ, ಮುದ್ರಿತ ಪುಟಗಳೆಷ್ಟು, ಈಗ ಇರುವ ಪುಟಗಳೆಷ್ಟು, ಸ್ಥಿತಿ ಹೇಗಿದೆ, ಕಪಾಟಿನ ಸಂಖ್ಯೆ ಎಷ್ಟು, ಇಷ್ಟೇ ಕಾಲಂ. ಇದನ್ನು ತುಂಬುವಾಗಲೇ ಯಾವ ಸಂಚಿಕೆ ಇಲ್ಲ ಎಂಬುದು ಗೊತ್ತಾಗುತ್ತದೆ. ಇಲ್ಲದವುಗಳ ಪಟ್ಟಿಯನ್ನು ಹಳೆಯ ಸದಸ್ಯರ ಮನೆಗಳಿಗೆ ಕಳುಹಿಸಿ. ಸ್ಕ್ಯಾನ್ ಮುಗಿದ ಮೇಲೆ ನಡುವಿನ ಸಂಚಿಕೆ ಸಿಕ್ಕಿದರೆ ಸೇರಿಸುವ ಕೆಲಸ ಎರಡರಷ್ಟಾಗುತ್ತದೆ.

ಅಂಗಡಿಯವರ ಜೊತೆ ಬರಹದಲ್ಲಿ ಆಗಬೇಕಾದ ಮಾತುಗಳು ಕೆಲವಿವೆ. ಮುದ್ರಿತ ಪುಟಗಳಿಗೆ ಕನಿಷ್ಠ 300 ಡಿಪಿಐ (ಇಂಚಿಗೆ ಎಷ್ಟು ಚುಕ್ಕೆ ಎಂಬ ಅಳತೆ) ಬೇಕು. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಸಣ್ಣದಾಗಿ ಕೂರುವುದರಿಂದ, ಸಣ್ಣ ಅಚ್ಚಿನ ಪುಟಗಳಿದ್ದರೆ 400 ಕೇಳಿ. ಫೋಟೋಗಳಿಗೆ 600. ಎಲ್ಲವೂ ಬಣ್ಣದಲ್ಲಿ, 24 ಬಿಟ್‌ನಲ್ಲಿ ಆಗಲಿ. ಬರೀ ಕಪ್ಪು ಬಿಳುಪಿನಲ್ಲಿ ತೆಗೆದರೆ ಹಳದಿಗಟ್ಟಿದ ಹಾಳೆಯ ಮೇಲಿನ ಮಾಸಿದ ಅಕ್ಷರ ಅಳಿಸಿಯೇ ಹೋಗುತ್ತದೆ, ಮತ್ತೆ ತರಲಾಗುವುದಿಲ್ಲ. ಮೂಲ ಪ್ರತಿ ಟಿಫ್ ಎಂಬ, ಚಿತ್ರದ ಗುಣ ಕುಂದದ ಫೈಲಿನ ರೂಪದಲ್ಲಿ ನಿಮ್ಮ ಕೈಗೆ ಬರಬೇಕು; ಪಿಡಿಎಫ್ ಅದರಿಂದ ಆಮೇಲೆ ಮಾಡಿಕೊಳ್ಳುವ ಓದುವ ಪ್ರತಿ. ಯಂತ್ರ ತಾನಾಗಿಯೇ ಹಿನ್ನೆಲೆ ಬಿಳುಪಾಗಿಸುವ, ಚುಕ್ಕೆ ಅಳಿಸುವ ಆಯ್ಕೆಗಳನ್ನು ಆಫ್ ಮಾಡಿಡಲು ಹೇಳಿ. ಚುಕ್ಕೆ ಅಳಿಸುವ ಆಯ್ಕೆ ಕನ್ನಡದ ಅನುಸ್ವಾರವನ್ನೂ ಕೊಳೆಯೆಂದೇ ತಿಳಿಯುವುದುಂಟು.

ಬೈಂಡಿಂಗ್ ಕತ್ತರಿಸಲು ಬಿಡಬೇಡಿ. ತಾನಾಗಿ ಹಾಳೆ ಎಳೆದುಕೊಳ್ಳುವ ಫೀಡರ್ ಯಂತ್ರಕ್ಕೆ ಹಳೆಯ ನ್ಯೂಸ್‌ಪ್ರಿಂಟ್ ಕೊಡಬೇಡಿ. ಆ ಕಾಗದವನ್ನು ಮರದ ತಿರುಳಿನಿಂದ ಮಾಡಿರುತ್ತಾರೆ. ಅದರಲ್ಲಿ ಉಳಿದ ಲಿಗ್ನಿನ್ ಮತ್ತು ಆಮ್ಲದಿಂದ ಕಾಗದ ಒಣಗಿ, ಮಡಿಸಿದ ಕಡೆಯೆಲ್ಲ ಮುರಿಯುತ್ತದೆ. ಸ್ಟೇಪ್ಲರ್ ಪಿನ್ನುಗಳಿಗೆ ತುಕ್ಕು ಹಿಡಿದಿದ್ದರೆ ಮೊದಲೇ ಕೈಯಿಂದ ಬಿಡಿಸಿ. ಹರಿದ ಕಡೆ ಸೆಲೋಟೇಪ್ ಅಂಟಿಸುವುದು, ಹಾಳೆಗಳನ್ನು ಲ್ಯಾಮಿನೇಟ್ ಮಾಡಿಸುವುದು ಎರಡೂ ಕೂಡದು. ಟೇಪಿನ ಅಂಟು ಕೆಲವು ವರ್ಷಗಳಲ್ಲೇ ಕಂದು ಕಲೆಯಾಗಿ ಕಾಗದದೊಳಗೆ ಇಳಿಯುತ್ತದೆ. ಲ್ಯಾಮಿನೇಶನ್ ಆದ ಹಾಳೆಯನ್ನು ಬಿಡಿಸುವುದು ಹೆಚ್ಚುಕಡಿಮೆ ಅಸಾಧ್ಯ.

ಜಾಗದ ಲೆಕ್ಕ ಹೀಗೆ. ಎ4 ಅಳತೆಯ ಒಂದು ಪುಟ 300 ಡಿಪಿಐನಲ್ಲಿ 2480 × 3508 ಚುಕ್ಕೆಗಳಾಗುತ್ತದೆ, ಚುಕ್ಕೆಗೆ 3 ಬೈಟಿನಂತೆ ಟಿಫ್ ಸುಮಾರು 26 ಎಂಬಿ. 400 ಡಿಪಿಐ ಆದರೆ ಸುಮಾರು 46 ಎಂಬಿ. 10,000 ಪುಟಗಳಿಗೆ 400ರಲ್ಲಿ ಅರ್ಧ ಟಿಬಿಗೆ ತುಸು ಕಡಿಮೆ. 2 ಟಿಬಿಯ ಎರಡು ಹಾರ್ಡ್ ಡಿಸ್ಕ್ ಕೊಂಡರೆ ನೆಮ್ಮದಿ.

ಫೈಲಿನ ಹೆಸರನ್ನು ಅಂಗಡಿಯವರಿಗೆ ಬಿಡಬೇಡಿ, ನೀವೇ ಬರೆದುಕೊಡಿ. ಸಂಘದ ಸಂಕ್ಷಿಪ್ತ ಹೆಸರು, ಇಸವಿ, ತಿಂಗಳು, ಪುಟ, ಇವನ್ನು ಇದೇ ಕ್ರಮದಲ್ಲಿ ಅಡಿಗೆರೆಯಿಂದ ಜೋಡಿಸಿ. 1957ರ ಆಗಸ್ಟ್ ಸಂಚಿಕೆಯ 12ನೇ ಪುಟಕ್ಕೆ ಸಂಘದ ಹೆಸರಿನ ನಂತರ 1957_08_0012 ಎಂದು ಬರಲಿ. ಅಂಕಿಗೆ ಮೊದಲು ಬರುವ ಸೊನ್ನೆಗಳನ್ನು ಬಿಟ್ಟರೆ ಕಂಪ್ಯೂಟರು 1ರ ನಂತರ 10, 100 ಎಂದು ಜೋಡಿಸಿ ಪುಟಗಳನ್ನು ಕಲಸುತ್ತದೆ. ರಕ್ಷಾಪುಟ, ಜಾಹೀರಾತು, ಖಾಲಿ ಪುಟಗಳೂ ಎಣಿಕೆಯಲ್ಲಿ ಸೇರಲಿ. ಜಾಹೀರಾತುಗಳನ್ನು ಬಿಡುವ ಅಭ್ಯಾಸ ಬಹಳ ಕಡೆ ಇದೆ. ಇದು ಸರಿಯಲ್ಲ. ಉಡುಪಿ ಹೋಟೆಲು, ಬಟ್ಟೆಯಂಗಡಿ, ರಾತ್ರಿಶಾಲೆಗಳ ವಿಳಾಸಗಳು ಬೇರೆಲ್ಲೂ ದಾಖಲಾಗದೆ ಆ ಜಾಹೀರಾತುಗಳಲ್ಲಿ ಮಾತ್ರ ಉಳಿದಿರುತ್ತವೆ. ಮುಂಬೈ ಕನ್ನಡಿಗರ ಚರಿತ್ರೆ ಬರೆಯುವವರು ಮೊದಲು ಕೇಳುವುದು ಅವನ್ನೇ.

ಮೊದಲು ಒಂದೇ ಸಂಪುಟ ಕೊಟ್ಟು ಪರೀಕ್ಷಿಸಿ. ತೆರೆಯ ಮೇಲೆ ಪುಟವನ್ನು ನೂರಕ್ಕೆ ನೂರು ಗಾತ್ರದಲ್ಲಿ ತೆರೆದು, ಅತಿ ಚಿಕ್ಕ ಅಕ್ಷರದ ಒತ್ತು ಸ್ಪಷ್ಟವಾಗಿದೆಯೇ, ಬೈಂಡಿಂಗಿನ ಕಡೆಯ ಸಾಲುಗಳು ಬಾಗಿವೆಯೇ, ಅಂಚಿನ ಅಕ್ಷರ ಕತ್ತರಿಸಿದೆಯೇ ನೋಡಿ. ಒಪ್ಪಿಗೆಯಾದರೆ ಮಾತ್ರ ಉಳಿದದ್ದು.

ಪ್ರಶ್ನೆ: ದಿನಪತ್ರಿಕೆಯ ದೊಡ್ಡ ಹಾಳೆಗಳು ಸ್ಕ್ಯಾನರಿನಲ್ಲಿ ಹಿಡಿಯುವುದಿಲ್ಲ. ನನ್ನ ಹತ್ತಿರ 24 ಮೆಗಾಪಿಕ್ಸೆಲ್ ಕ್ಯಾಮೆರಾ ಇದೆ. ಅದರಲ್ಲಿ ತೆಗೆದರೆ ನಡೆಯುತ್ತದೆಯೇ?
ನಿವೃತ್ತ ಶಿಕ್ಷಕರು, ಡೊಂಬಿವಲಿ

ಉತ್ತರ: ನಡೆಯುತ್ತದೆ, ಆದರೆ ಇಡೀ ಹಾಳೆಯನ್ನು ಒಂದೇ ಚಿತ್ರದಲ್ಲಿ ಹಿಡಿಯಬೇಡಿ. ನಿಮ್ಮ ಕ್ಯಾಮೆರಾದ ಚಿತ್ರ ಸಾಮಾನ್ಯವಾಗಿ 6000 × 4000 ಚುಕ್ಕೆ. 55 ಸೆಂಮೀ ಉದ್ದದ ಹಾಳೆ ಎಂದರೆ ಸುಮಾರು 21.7 ಇಂಚು. ಅಂಚಿಗೆ ಸ್ವಲ್ಪ ಜಾಗ ಬಿಟ್ಟರೆ ಇಂಚಿಗೆ 260ರಷ್ಟು ಚುಕ್ಕೆ ಸಿಗುತ್ತದೆ. ಪತ್ರಿಕೆಯ ಸಣ್ಣ ಅಚ್ಚಿಗೆ ಇದು ಸಾಲದು. ಮೇಲರ್ಧ, ಕೆಳಗರ್ಧ ಎಂದು ಎರಡು ಚಿತ್ರ ತೆಗೆಯಿರಿ, ನಡುವೆ 3 ಸೆಂಮೀಯಷ್ಟು ಎರಡರಲ್ಲೂ ಬರಲಿ. ಆಗ 330ರ ಆಸುಪಾಸಿಗೆ ಬರುತ್ತದೆ.

ಕ್ಯಾಮೆರಾವನ್ನು ಕಾಪಿ ಸ್ಟ್ಯಾಂಡಿಗೋ ಅಡ್ಡ ತೋಳಿರುವ ಗಟ್ಟಿ ಟ್ರೈಪಾಡಿಗೋ ಕಟ್ಟಿ ನೇರ ಕೆಳಗೆ ನೋಡುವಂತೆ ನಿಲ್ಲಿಸಿ. ಹಾಳೆಗೆ ಅದು ಸಮಾನಾಂತರವಾಗಿದೆಯೇ ಎಂದು ತಿಳಿಯಲು ಹಾಳೆ ಇಡುವ ಜಾಗದ ಮಧ್ಯದಲ್ಲಿ ಒಂದು ಚಪ್ಪಟೆ ಸಣ್ಣ ಕನ್ನಡಿ ಇಟ್ಟು ಕ್ಯಾಮೆರಾದೊಳಗೆ ನೋಡಿ. ಲೆನ್ಸಿನ ಪ್ರತಿಬಿಂಬ ಚಿತ್ರದ ನಟ್ಟ ನಡುವೆ ಕಂಡರೆ ಸರಿ. ವಾರೆಯಾಗಿದ್ದರೆ ಹಾಳೆಯ ಒಂದು ಮೂಲೆಯ ಅಕ್ಷರಗಳು ಮಸುಕಾಗುತ್ತವೆ. ಐಎಸ್‌ಒ 100, ದ್ಯುತಿರಂಧ್ರ ಎಫ್/8, ಶಟರಿಗೆ 2 ಸೆಕೆಂಡಿನ ಟೈಮರ್ ಇಡಿ. ಬೆರಳಿನ ಅದುರು ತಪ್ಪುತ್ತದೆ. ಒಂದೇ ಬಗೆಯ ಎರಡು ಎಲ್‌ಇಡಿ ದೀಪಗಳನ್ನು ಎರಡು ಬದಿಯಲ್ಲಿ 45 ಡಿಗ್ರಿ ಕೋನದಲ್ಲಿಡಿ, ಡಬ್ಬಿಯ ಮೇಲೆ ಸಿಆರ್‌ಐ (ಬಣ್ಣವನ್ನು ಇದ್ದಂತೆ ತೋರಿಸುವ ಗುಣದ ಅಳತೆ) 90ಕ್ಕಿಂತ ಹೆಚ್ಚು ಎಂದಿರಲಿ. ಕೋಣೆಯ ಟ್ಯೂಬ್‌ಲೈಟ್ ಆರಿಸಿ, ಕಿಟಕಿಗೆ ಪರದೆ ಎಳೆಯಿರಿ. ಹಗಲು ಬೆಳಕು ಬೆರೆತರೆ ಬೆಳಿಗ್ಗೆ ತೆಗೆದ ಪುಟಕ್ಕೂ ಸಂಜೆ ತೆಗೆದ ಪುಟಕ್ಕೂ ಬಣ್ಣ ಹೊಂದುವುದಿಲ್ಲ. ಪ್ರತಿ ಸಂಚಿಕೆಯ ಮೊದಲ ಚಿತ್ರದಲ್ಲಿ ಸ್ಕೇಲು ಮತ್ತು ಬಣ್ಣದ ಪಟ್ಟಿ ಪುಟದ ಪಕ್ಕದಲ್ಲಿರಲಿ.

ದಪ್ಪ ಬೈಂಡಿನ ಸಂಪುಟವನ್ನು ಪೂರ್ತಿ ಚಪ್ಪಟೆಯಾಗಿ ಬಿಚ್ಚಿ ಒತ್ತಬೇಡಿ. ರಟ್ಟಿನಲ್ಲಿ ವಿ ಆಕಾರದ ತೊಟ್ಟಿಲು ಮಾಡಿ 100ರಿಂದ 110 ಡಿಗ್ರಿಯಷ್ಟು ಮಾತ್ರ ತೆರೆದು, ಮೊದಲು ಬಲಪುಟಗಳನ್ನೆಲ್ಲ, ಆಮೇಲೆ ತಿರುಗಿಸಿಟ್ಟು ಎಡಪುಟಗಳನ್ನೆಲ್ಲ ತೆಗೆಯಿರಿ. ಕಾಗದವನ್ನು ಬರಿಗೈಯಲ್ಲಿ ಮುಟ್ಟಬಹುದು, ತೊಳೆದು ಒಣಗಿಸಿದ ಕೈಯಾಗಿರಬೇಕಷ್ಟೆ. ಹತ್ತಿಯ ಕೈಗವಸು ಹಾಕಿದರೆ ಅಂಚಿನ ಸ್ಪರ್ಶ ತಿಳಿಯದೆ ಹಾಳೆ ಹರಿಯುತ್ತದೆ. ಫೋಟೋ, ನೆಗೆಟಿವ್‌ಗಳಿಗೆ ಮಾತ್ರ ನೈಟ್ರೈಲ್ ಕೈಗವಸು ಬೇಕು.

ಪ್ರಶ್ನೆ: ನಮ್ಮ ಶಾಲೆಯ ವಾರ್ಷಿಕ ಸಂಚಿಕೆಗಳೆಲ್ಲ ಪಿಡಿಎಫ್ ಆಗಿವೆ. ಆದರೆ ಕನ್ನಡ ಪದ ಹಾಕಿ ಹುಡುಕಿದರೆ ಏನೂ ಸಿಗುವುದಿಲ್ಲ. ಕೆಲವು ಫೈಲುಗಳಿಂದ ನಕಲು ಮಾಡಿ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಕಾರಣವೇನು?
ಗ್ರಂಥಪಾಲಕರು, ಚಿಂಚ್‌ವಡ್

ಉತ್ತರ: ನಿಮ್ಮಲ್ಲಿ ಮೂರು ಬಗೆಯ ಫೈಲುಗಳು ಬೆರೆತಿರುವಂತೆ ಕಾಣುತ್ತದೆ. ಮೂರಕ್ಕೂ ಬೇರೆ ಬೇರೆ ಮದ್ದು.

ಮೊದಲನೆಯದು ಬರೀ ಚಿತ್ರವಿರುವ ಪಿಡಿಎಫ್. ಕಣ್ಣಿಗೆ ಅಕ್ಷರ ಕಂಡರೂ ಕಂಪ್ಯೂಟರಿಗೆ ಅದು ಬಣ್ಣದ ಚುಕ್ಕೆಗಳ ರಾಶಿ. ಇಂಥದ್ದಕ್ಕೆ ಒಸಿಆರ್ (ಚಿತ್ರದಲ್ಲಿರುವ ಅಕ್ಷರಗಳನ್ನು ಯಂತ್ರದಿಂದ ಓದಿಸುವ ಕೆಲಸ) ಮಾಡಿ ಚಿತ್ರದ ಹಿಂದೆ ಕಾಣದ ಪಠ್ಯದ ಪದರ ಸೇರಿಸಬೇಕು.

ಎರಡನೆಯದು ನುಡಿ, ಬರಹ, ಶ್ರೀಲಿಪಿಗಳ ಹಳೆಯ ಆಸ್ಕಿ ಫಾಂಟುಗಳಲ್ಲಿ ಪೇಜ್‌ಮೇಕರಿನಲ್ಲಿ ಪುಟ ಕಟ್ಟಿದ ಸಂಚಿಕೆಗಳು. ಅಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸಿರುತ್ತಾರೆ. ಫಾಂಟ್ ಇಲ್ಲದ ಕಡೆ ಅಂಟಿಸಿದರೆ ನಿಮಗೆ ಕಂಡ ಕಸವೇ ಕಾಣುವುದು. ಮೂಲದ ಪೇಜ್‌ಮೇಕರ್ ಫೈಲು ಮುದ್ರಕರ ಹತ್ತಿರ ಉಳಿದಿದ್ದರೆ ಅದು ಚಿನ್ನ. ಅದರಿಂದ ಪಠ್ಯ ತೆಗೆದು ನುಡಿ ಅಥವಾ ಬರಹದ ಪರಿವರ್ತಕದಲ್ಲಿ, ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಯೂನಿಕೋಡ್ ಸಂಕೇತಗಳಿಗೆ ಬದಲಿಸಿದರೆ ಒಸಿಆರ್‌ಗಿಂತ ಎಷ್ಟೋ ಶುದ್ಧವಾದ ಪಠ್ಯ ಸಿಗುತ್ತದೆ. ಯಾವ ಫಾಂಟಿನಲ್ಲಿತ್ತು ಎಂಬುದು ಖಚಿತವಾಗಿ ಗೊತ್ತಿರಬೇಕು. ಪ್ರತಿ ಸಂಸ್ಥೆಯ ಫಾಂಟಿನ ಸಂಕೇತ ಬೇರೆ, ತಪ್ಪು ಪರಿವರ್ತಕ ಹಾಕಿದರೆ ಒತ್ತಕ್ಷರಗಳೆಲ್ಲ ಅದಲುಬದಲಾಗುತ್ತವೆ. ಫಾಂಟ್ ಫೈಲುಗಳನ್ನೂ ಅದೇ ಫೋಲ್ಡರಿನಲ್ಲಿ ಉಳಿಸಿ.

ಮೂರನೆಯದು ಯೂನಿಕೋಡಿನಲ್ಲೇ ಟೈಪಾಗಿದ್ದರೂ ಪಿಡಿಎಫ್ ಮಾಡುವಾಗ ಕೆಟ್ಟದ್ದು. ಪಿಡಿಎಫ್ ಒಳಗೆ ಇರುವುದು ಅಕ್ಷರಗಳಲ್ಲ, ಅವುಗಳ ಆಕಾರಗಳು. ಆಕಾರದಿಂದ ಅಕ್ಷರಕ್ಕೆ ಮರಳುವ ನಕ್ಷೆ ಒತ್ತಕ್ಷರ, ಕಾಗುಣಿತಗಳಲ್ಲಿ ಮುರಿದಿರುತ್ತದೆ. ಮೂಲ ವರ್ಡ್ ಫೈಲ್ ಇದ್ದರೆ ಅದನ್ನು ಬಳಸಿ. ಇಲ್ಲವಾದರೆ ಪುಟಗಳನ್ನು ಚಿತ್ರವಾಗಿಸಿ ಹೊಸದಾಗಿ ಒಸಿಆರ್ ಮಾಡಿ.

ಈಗ ಒಸಿಆರ್ ವಿಚಾರ. ಉಚಿತ ತಂತ್ರಾಂಶ ಟೆಸರಾಕ್ಟ್ ಕನ್ನಡವನ್ನು ಓದುತ್ತದೆ. ಅದಕ್ಕೆ ಕನ್ನಡದ ಭಾಷಾ ಫೈಲನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ಸಂಕೇತ ಕೆ, ಎ, ಎನ್ ಎಂಬ ಮೂರು ಇಂಗ್ಲಿಷ್ ಅಕ್ಷರ. ಪುಟದಲ್ಲಿ ಇಂಗ್ಲಿಷ್ ಬೆರೆತಿದ್ದರೆ ಎರಡೂ ಭಾಷೆಗಳನ್ನು ಕೂಡಿಸಿ ಹೇಳಿ. ಹಾಗೆಂದು ಮರಾಠಿ, ಹಿಂದಿಗಳನ್ನೂ ಸುಮ್ಮನೆ ಸೇರಿಸಬೇಡಿ, ತಪ್ಪು ಹೆಚ್ಚುತ್ತದೆ. ಮೊದಲು ಸ್ಕ್ಯಾನ್ ಟೇಲರ್‌ನಂಥ ತಂತ್ರಾಂಶದಲ್ಲಿ ಜೋಡಿ ಪುಟ ಬೇರ್ಪಡಿಸಿ, ವಾರೆ ಸರಿಪಡಿಸಿ, ಅಂಚಿನ ಕಪ್ಪು ತೆಗೆಯಿರಿ. ಸಾಲು ಒಂದೆರಡು ಡಿಗ್ರಿ ವಾಲಿದರೂ ಒಂದು ಸಾಲಿನ ಒತ್ತಕ್ಷರ ಕೆಳಸಾಲಿನ ಗುಡಿಸಿನ ಜೊತೆ ಸೇರಿ ಎರಡೂ ಕೆಡುತ್ತವೆ. ಈ ಸ್ವಚ್ಛತೆಯೆಲ್ಲ ಪ್ರತಿಯ ಮೇಲೆ ನಡೆಯಲಿ, ಮೂಲ ಟಿಫ್ ಮುಟ್ಟಬೇಡಿ. ಎರಡು, ಮೂರು ಕಾಲಂ ಇರುವ ಪುಟಗಳಲ್ಲಿ ತಂತ್ರಾಂಶ ಅಡ್ಡಡ್ಡ ಓದಿಕೊಂಡು ಹೋಗುವುದುಂಟು. ಹಾಗಾದರೆ ಕಾಲಂಗಳನ್ನು ಕತ್ತರಿಸಿ ಒಂದೊಂದಾಗಿ ಓದಿಸಿ. ಓಸಿಆರ್‌ಮೈಪಿಡಿಎಫ್ ಎಂಬ ಸಲಕರಣೆ ಟೆಸರಾಕ್ಟನ್ನೇ ಬಳಸಿ ಪಠ್ಯದ ಪದರವಿರುವ, ದೀರ್ಘಕಾಲ ಕಾಪಿಡಲೆಂದೇ ಇರುವ ಪಿಡಿಎಫ್/ಎ ಮಾದರಿಯ ಫೈಲನ್ನು ನೇರವಾಗಿ ಕೊಡುತ್ತದೆ.

ಕೆಲವೇ ಪುಟಗಳಿದ್ದರೆ ಗೂಗಲ್ ಡ್ರೈವಿಗೆ ಚಿತ್ರ ಏರಿಸಿ ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ, ಕೆಳಗೆ ಪಠ್ಯ ಬರುತ್ತದೆ. ಚಿತ್ರ 2 ಎಂಬಿಯೊಳಗಿರಲಿ. ಆದರೆ ಆ ಪಠ್ಯ ಪುಟದ ಯಾವ ಜಾಗದ್ದು ಎಂಬ ಗುರುತು ಅದರಲ್ಲಿರುವುದಿಲ್ಲ, ಹಾಗಾಗಿ ಸಿಕ್ಕ ಪದವನ್ನು ಚಿತ್ರದ ಮೇಲೆ ಹಳದಿಯಾಗಿ ತೋರಿಸಲು ಅದು ಉಪಯೋಗಕ್ಕೆ ಬಾರದು.

ಹಳೆಯ ಕನ್ನಡ ಅಚ್ಚಿನಲ್ಲಿ ತಪ್ಪುಗಳು ಎಲ್ಲಿ ಆಗುತ್ತವೆ ಎಂಬುದು ಸಾಮಾನ್ಯವಾಗಿ ಗೊತ್ತಿರುವ ವಿಷಯ, ಅವನ್ನು ಒಟ್ಟೊಟ್ಟಿಗೆ ತಿದ್ದಬಹುದು. ಅರ್ಕಾವೊತ್ತು ಒಂಬತ್ತರ ಅಂಕಿಯಂತೆ ಕಾಣುವುದರಿಂದ ‘ಕರ್ನಾಟಕ’ ಎಂಬುದು ‘ಕನಾ೯ಟಕ’ ಆಗುತ್ತದೆ. ಅನುಸ್ವಾರದ ಜಾಗಕ್ಕೆ ಕನ್ನಡದ ಸೊನ್ನೆ ಅಂಕಿ ಬಂದು ಕೂರುತ್ತದೆ. ಕಣ್ಣಿಗೆ ಎರಡೂ ಒಂದೇ, ಹುಡುಕುವ ಯಂತ್ರಕ್ಕೆ ಬೇರೆ. ಪದದ ನಡುವೆ ಅಕ್ಷರಗಳ ಮಧ್ಯೆ ಬಂದ ‘೯’ ಅನ್ನು ಅದರ ಹಿಂದಿನ ವ್ಯಂಜನದ ಮುಂಚೆ ‘ರ್’ ಆಗಿ ಬದಲಿಸುವ, ಅಕ್ಷರಕ್ಕೆ ಅಂಟಿದ ‘೦’ ಅನ್ನು ಅನುಸ್ವಾರವಾಗಿಸುವ ನಿಯಮ ಬರೆದರೆ ಇಡೀ ಸಂಗ್ರಹಕ್ಕೆ ಒಂದೇ ಸಲ ಅನ್ವಯಿಸುತ್ತದೆ. ಅಕ್ಕಪಕ್ಕದಲ್ಲಿ ಬೇರೆ ಅಂಕಿಗಳಿದ್ದರೆ ಮುಟ್ಟಬಾರದು, ಅದು ಇಸವಿಯಾಗಿರಬಹುದು. ದ, ಧ, ಥ, ಪ, ಷ, ರ, ಠ, ಬ, ಭ ಇವುಗಳ ಗೊಂದಲ ಮಾತ್ರ ನಿಯಮಕ್ಕೆ ಸಿಗದು, ಮನುಷ್ಯರ ಕಣ್ಣೇ ಬೇಕು.

ಎಷ್ಟು ಶುದ್ಧವಾಗಿದ್ದರೆ ಸಾಕು ಎಂದು ಕೇಳುವವರಿಗೆ ಒಂದು ಲೆಕ್ಕ. ನೂರಕ್ಕೆ ಎರಡು ಸಂಕೇತ ತಪ್ಪು ಎಂದರೆ ಕಡಿಮೆ ಅನ್ನಿಸುತ್ತದೆ. ಕಾಗುಣಿತ, ಒತ್ತು ಎಲ್ಲ ಬಿಡಿಸಿದರೆ ಒಂದು ಕನ್ನಡ ಪದದಲ್ಲಿ ಹತ್ತು ಯೂನಿಕೋಡ್ ಸಂಕೇತಗಳಿರುವುದು ಸಾಮಾನ್ಯ. ತಪ್ಪುಗಳು ಎಲ್ಲೆಡೆ ಸಮನಾಗಿ ಹರಡಿದ್ದರೆ ಅಂಥ ನೂರು ಪದಗಳಲ್ಲಿ 18 ಕೆಟ್ಟಿರುತ್ತವೆ. ನೂರಕ್ಕೆ ಐದು ತಪ್ಪಾದರೆ 40 ಪದ ಕೆಡುತ್ತವೆ, ಅಂದರೆ ಹುಡುಕಿದರೂ ಅವು ಸಿಗುವುದಿಲ್ಲ. ಆದ್ದರಿಂದ ಇಡೀ ಪಠ್ಯ ತಿದ್ದಲು ಕೈಲಾಗದಿದ್ದರೆ ಕನಿಷ್ಠ ಪ್ರತಿ ಸಂಚಿಕೆಯ ಪರಿವಿಡಿ, ಲೇಖಕರ ಹೆಸರು, ಶೀರ್ಷಿಕೆ, ಚಿತ್ರಗಳ ಅಡಿಬರಹ ಇಷ್ಟನ್ನು ಕೈಯಾರೆ ಟೈಪ್ ಮಾಡಿ. ಓದುಗರ ಬಹುಪಾಲು ಹುಡುಕಾಟಕ್ಕೆ ಅಷ್ಟೇ ಉತ್ತರ ಕೊಡುತ್ತದೆ. ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳಾದರೆ ಕನ್ನಡ ವಿಕಿಸೋರ್ಸ್‌ಗೆ ಹಾಕಬಹುದು. ಅಲ್ಲಿ ಒಬ್ಬರು ತಿದ್ದಿದ ಪುಟ ಹಳದಿ, ಮತ್ತೊಬ್ಬರು ಪರಿಶೀಲಿಸಿದ್ದು ಹಸಿರು ಎಂದು ಗುರುತಾಗುತ್ತದೆ, ಯಾವ ಪುಟವನ್ನು ಎಷ್ಟು ನಂಬಬಹುದೆಂದು ತಿಳಿಯುತ್ತದೆ.

ಪ್ರಶ್ನೆ: ಇಂಥ ಸಂಗ್ರಹಕ್ಕೆ ಜಾಲತಾಣ ಕಟ್ಟಿಕೊಡಲು ನಾವು ಕೆಲವು ಗೆಳೆಯರು ಸಿದ್ಧರಿದ್ದೇವೆ. ಕನ್ನಡದ ಹುಡುಕಾಟಕ್ಕೆ ವಿಶೇಷವಾಗಿ ಏನು ಗಮನಿಸಬೇಕು?
ಸಾಫ್ಟ್‌ವೇರ್ ಉದ್ಯೋಗಿ, ಹಿಂಜವಡಿ

ಉತ್ತರ: ಹುಡುಕಾಟದ ಸೂಚಿಯೊಳಗೆ (ಇಂಡೆಕ್ಸ್) ಸೇರಿಸುವ ಮುಂಚೆ ಪಠ್ಯವನ್ನೂ, ಹುಡುಕುವ ಪದವನ್ನೂ ಯೂನಿಕೋಡಿನ ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತನ್ನಿ. ಕನ್ನಡದಲ್ಲಿ ‘ಕೋ’ ಎಂಬುದರ ಓಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಕೊಂಬಿನ ದೀರ್ಘ, ದೀರ್ಘದ ಗುರುತು ಎಂದು ಮೂರಾಗಿ ಒಡೆದೂ ಬರೆಯಬಹುದು. ತೆರೆಯ ಮೇಲೆ ವ್ಯತ್ಯಾಸ ಕಾಣದು, ಹೊಂದಿಕೆ ಮಾತ್ರ ತಪ್ಪುತ್ತದೆ. ಕಾಣದ ಜೋಡಕ, ಬೇರ್ಪಡಕ ಸಂಕೇತಗಳನ್ನು ಸೂಚಿಯಲ್ಲಿ ತೆಗೆದುಹಾಕಿ, ತೋರಿಸುವ ಪಠ್ಯದಲ್ಲಿ ಉಳಿಸಿ. ‘ರಾಜ್‌ಕುಮಾರ್’ ಎಂಬಲ್ಲಿ ಅವು ಬೇಕೇಬೇಕು.

ದೊಡ್ಡ ತೊಡಕು ವಿಭಕ್ತಿ ಮತ್ತು ಸಂಧಿ. ‘ಧಾರವಾಡ’ ಎಂದು ಹುಡುಕುವವರಿಗೆ ಧಾರವಾಡದಲ್ಲಿ, ಧಾರವಾಡಕ್ಕೆ, ಧಾರವಾಡದವರು ಎಲ್ಲವೂ ಸಿಗಬೇಕು. ಇಂಗ್ಲಿಷಿಗೆಂದು ಮಾಡಿದ ಪೂರ್ತಿಪದದ ಹೊಂದಿಕೆ ಇಲ್ಲಿ ಸೋಲುತ್ತದೆ. ಪದದ ಮೊದಲ ಭಾಗ ಹೊಂದಿದರೆ ಸಾಕು ಎಂಬ ವ್ಯವಸ್ಥೆ ಪ್ರತ್ಯಯಗಳನ್ನು ನಿಭಾಯಿಸುತ್ತದೆ. ಸಮಾಸದಲ್ಲಿ ಎರಡನೇ ಪದದ ಮೊದಲಕ್ಷರವೇ ಬದಲಾಗುವುದರಿಂದ, ಕಾಲ ಎಂಬುದು ಮಳೆಗಾಲದಲ್ಲಿ ‘ಗಾಲ’ ಆಗುವಂತೆ, ಅಂಥವಕ್ಕೆ ಮೂರು ನಾಲ್ಕು ಅಕ್ಷರಗಳ ತುಂಡು ಮಾಡಿ ಸೂಚಿಸುವ ಎನ್‌ಗ್ರಾಂ ವಿಧಾನವನ್ನೂ ಜೊತೆಗಿಡಿ. ಸೋಲರ್, ಇಲಾಸ್ಟಿಕ್‌ಸರ್ಚ್ ಎಂಬ ಹುಡುಕಾಟದ ತಂತ್ರಾಂಶಗಳೆರಡರಲ್ಲೂ ಇದು ಸಾಧ್ಯ. ತುಂಡುಗಳ ವಿಧಾನ ಒಸಿಆರ್ ತಪ್ಪುಗಳನ್ನೂ ಸ್ವಲ್ಪಮಟ್ಟಿಗೆ ಸಹಿಸಿಕೊಳ್ಳುತ್ತದೆ, ಆದರೆ ಬೇಡದ ಫಲಿತಾಂಶವೂ ಹೆಚ್ಚುತ್ತದೆ. ಪೂರ್ತಿ ಹೊಂದಿದ್ದನ್ನು ಮೇಲೆ ತೋರಿಸಿ.

ಹೆಸರುಗಳ ಪರ್ಯಾಯ ಪಟ್ಟಿಯೊಂದು ಬೇಕು. ಮುಂಬೈ, ಮುಂಬಯಿ, ಬೊಂಬಾಯಿ, ಬಾಂಬೆ ಒಂದೇ ಊರು. ಪುಣೆ, ಪೂನಾ, ಪುಣೆಂ ಹಾಗೆಯೇ. ಈ ಪಟ್ಟಿಯನ್ನು ಸಂಘದ ಹಿರಿಯರ ಜೊತೆ ಕೂತು ಮಾಡಿ, ಇಂಟರ್‌ನೆಟ್ಟಿನಿಂದ ಎತ್ತಬೇಡಿ. ಹಳೆಯ ಬಡಾವಣೆ, ಮಿಲ್ಲು, ಚಾಳುಗಳ ಹೆಸರು ಅವರ ನೆನಪಿನಲ್ಲಿದೆ, ಇನ್ನೆಲ್ಲೂ ಇಲ್ಲ.

ಪ್ರತಿ ವಸ್ತುವಿನ ವಿವರಕ್ಕೆ ಡಬ್ಲಿನ್ ಕೋರ್ ಎಂಬ 15 ಅಂಶಗಳ ನಮೂನೆ ಸಾಕು. ತಾಣಕ್ಕೆ ಒಮೇಕಾ ಅಥವಾ ಡಿಸ್ಪೇಸ್ ಎಂಬ ಸಿದ್ಧ ತಂತ್ರಾಂಶ ಬಳಸಿ. ಹೊಸದಾಗಿ ತಂತ್ರಾಂಶ ಬರೆಯುವ ಆಸೆ ಸಹಜ, ಆದರೆ ಬರೆದವರು ಊರು ಬಿಟ್ಟ ಮೇಲೆ ಅದನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಗೆ ಮೊದಲು ಉತ್ತರವಿರಲಿ. ತಾಣ ಕಟ್ಟುವುದು ತಡವಾದರೆ ಇಂಟರ್‌ನೆಟ್ ಆರ್ಕೈವ್‌ಗೆ ಏರಿಸಿ. ಭಾಷೆಯ ಕಾಲಂನಲ್ಲಿ ಕನ್ನಡ ಎಂದು ಸರಿಯಾಗಿ ತುಂಬಿದರೆ ಅಲ್ಲಿಯೇ ಒಸಿಆರ್ ಕೂಡ ನಡೆಯುತ್ತದೆ; ಬಿಟ್ಟರೆ ಪಠ್ಯ ಕಸವಾಗುತ್ತದೆ.

ಪ್ರಶ್ನೆ: ಹದಿನೆಂಟನೇ ಶತಮಾನದ ಧಾರವಾಡ, ಸವಣೂರು ಸೀಮೆಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದೇನೆ. ಪುಣೆ, ಮುಂಬೈಗಳಲ್ಲಿ ಏನು ನೋಡಬೇಕು? ಎಷ್ಟರಮಟ್ಟಿಗೆ ಕಂಪ್ಯೂಟರಿನಲ್ಲೇ ಹುಡುಕಬಹುದು?
ಸಂಶೋಧನಾ ವಿದ್ಯಾರ್ಥಿನಿ, ಪುಣೆ

ಉತ್ತರ: ಪುಣೆಯ ಸರಕಾರಿ ಪತ್ರಾಗಾರದಲ್ಲಿರುವ ಪೇಶ್ವೆ ದಫ್ತರವೇ (ಪೇಶ್ವೆಗಳ ಆಡಳಿತದ ಕಡತಗಳು) ನಿಮ್ಮ ಮುಖ್ಯ ಆಕರ. ಬಟ್ಟೆಯಲ್ಲಿ ಕಟ್ಟಿದ ರುಮಾಲುಗಳಲ್ಲಿರುವ ಕಾಗದಗಳ ಬಹುಪಾಲು ಮರಾಠಿ, ಅದರ ಹಳೆಯ ಕೂಡುಬರಹದ ಲಿಪಿಯಾದ ಮೋಡಿ ಅಕ್ಷರ. ಅದರಿಂದ ಆರಿಸಿದ್ದನ್ನು ಗೋ. ಸ. ಸರದೇಸಾಯಿಯವರು 1930ರಿಂದ 1934ರ ನಡುವೆ 45 ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ದೇವನಾಗರಿಯ ಅಚ್ಚಾದ್ದರಿಂದ ಮರಾಠಿ ಒಸಿಆರ್ ಅದನ್ನು ಓದಬಲ್ಲದು. ಅಲ್ಲಿಂದ ಶುರುಮಾಡಿ, ಆಮೇಲೆ ರುಮಾಲಿಗೆ ಹೋಗಿ. 1910ರಲ್ಲಿ ರಾಜವಾಡೆ, ಮೆಹೆಂದಳೆಯವರು ಸ್ಥಾಪಿಸಿದ ಭಾರತ ಇತಿಹಾಸ ಸಂಶೋಧಕ ಮಂಡಳದ ಸಂಗ್ರಹವನ್ನೂ ನೋಡಿ.

ಮೋಡಿ ಕಲಿಯದೆ ಗತಿಯಿಲ್ಲ. 2014ರಲ್ಲಿ ಮೋಡಿಗೆ ಯೂನಿಕೋಡಿನಲ್ಲಿ ಜಾಗ ಸಿಕ್ಕಿದೆ, ಆದರೆ ಅದು ಟೈಪ್ ಮಾಡುವುದಕ್ಕೆ, ಕೈಬರಹ ಓದಿಕೊಡುವುದಿಲ್ಲ. ಮೊದಲು ಮೇಲುಗೆರೆ ಎಳೆದು, ಪದಗಳ ನಡುವೆ ಜಾಗ ಬಿಡದೆ, ಇ ಈ, ಉ ಊಗಳ ಹ್ರಸ್ವ ದೀರ್ಘ ಬೇರ್ಪಡಿಸದೆ ಬರೆಯುವ ಲಿಪಿಯದು. ಯಂತ್ರ ಎಲ್ಲಿ ಪದ ಕತ್ತರಿಸಬೇಕೆಂದೇ ತಿಳಿಯದೆ ನಿಲ್ಲುತ್ತದೆ. ನೀವು ಲಿಪ್ಯಂತರ ಮಾಡುವಾಗ ಇದ್ದಂತೆ ಬರೆದ ಪಠ್ಯ ಒಂದು ಕಾಲಂ, ಇಂದಿನ ಕಾಗುಣಿತದ್ದು ಇನ್ನೊಂದು ಕಾಲಂ ಇಟ್ಟುಕೊಳ್ಳಿ. ಎರಡನೆಯದು ಹುಡುಕಲು, ಮೊದಲನೆಯದು ಉಲ್ಲೇಖಿಸಲು.

ಕಾಲಗಣನೆಯಲ್ಲಿ ಎಡವದಿರಿ. ಈ ಕಾಗದಗಳಲ್ಲಿ ಇಸವಿ ಶುಹೂರ್ ಸನ್ ಎಂಬ, ಮರಾಠರ ಆಡಳಿತದ ವರ್ಷಗಣನೆಯಂತೆ ಅರಬಿ ಸಂಖ್ಯಾಪದಗಳಲ್ಲಿ ಇರುತ್ತದೆ. ‘ಇಹಿದೆ ಸಬೈನ್ ಮಯಾ ವ ಅಲಫ್’ ಎಂದರೆ ಒಂದು, ಎಪ್ಪತ್ತು, ನೂರು, ಸಾವಿರ, ಕೂಡಿದರೆ 1171. ಜೂನ್ ಆರಂಭದಿಂದ ಡಿಸೆಂಬರ್‌ವರೆಗಿನ ಕಾಗದಕ್ಕೆ 599 ಕೂಡಿಸಿ, 1770. ಜನವರಿಯಿಂದ ಜೂನ್‌ವರೆಗಿನದಕ್ಕೆ 600, ಅಂದರೆ 1771. ದಖ್ಖನಿನ ಫಸಲಿಗಾದರೆ (ಕಂದಾಯದ ವರ್ಷಗಣನೆ) 590 ಅಥವಾ 591 ಕೂಡಿಸಬೇಕು. ಶುಹೂರನ್ನು ಫಸಲಿಯೆಂದು ತಿಳಿದರೆ ಘಟನೆ ಒಂಬತ್ತು ವರ್ಷ ಹಿಂದಕ್ಕೆ ಹೋಗುತ್ತದೆ. ಶಾಲಿವಾಹನ ಶಕೆಗೆ 78 ಅಥವಾ 79. ‘ಛ’ ಎಂಬ ಅಕ್ಷರದ ಮುಂದಿನ ಅಂಕಿ ಹಿಜರಿ ತಿಂಗಳ ಚಂದ್ರದಿನ, ಅದನ್ನು ಹಿಂದೂ ತಿಥಿಯೆಂದು ಓದಬೇಡಿ. ನಿಮ್ಮ ಪಟ್ಟಿಯಲ್ಲಿ ಮೂಲದ ತೇದಿಯನ್ನು ಇದ್ದಂತೆ ಬರೆದು, ಪಕ್ಕದಲ್ಲಿ ಪರಿವರ್ತಿತ ತೇದಿಯಿಡಿ. ಪರಿವರ್ತಿತವನ್ನು ಮಾತ್ರ ಇಟ್ಟರೆ ತಪ್ಪು ಮುಂದೆ ಯಾರಿಗೂ ಸಿಕ್ಕದು.

ಮುಂಬೈಯಲ್ಲಿ ಎಲ್ಫಿನ್‌ಸ್ಟನ್ ಕಾಲೇಜು ಕಟ್ಟಡದಲ್ಲಿರುವ ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿ ಬ್ರಿಟಿಷ್ ಕಾಲದ ಕಡತಗಳಿವೆ. ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳು 1956ರವರೆಗೆ ಮುಂಬೈ ಆಡಳಿತದಲ್ಲಿದ್ದವು, ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಇತ್ತ ಬಂತು. ಹಾಗಾಗಿ ಆ ಊರುಗಳ ಕಂದಾಯ, ಶಿಕ್ಷಣ, ನ್ಯಾಯ ಇಲಾಖೆಗಳ ಪತ್ರಗಳು ಇಲ್ಲಿವೆ. ಏಷ್ಯಾಟಿಕ್ ಸೊಸೈಟಿಯ ಗ್ರಂಥ ಸಂಜೀವನಿ ತಾಣದಲ್ಲಿ ಹಳೆಯ ಪುಸ್ತಕ, ಪತ್ರಿಕೆಗಳನ್ನು ಮನೆಯಿಂದಲೇ ನೋಡಬಹುದು. ರಾಷ್ಟ್ರೀಯ ಪತ್ರಾಗಾರದ ಅಭಿಲೇಖ ಪಟಲ ಎಂಬ ತಾಣವನ್ನೂ ಬಿಡಬೇಡಿ. ಎರಡು ಕಡೆಯೂ ಊರಿನ ಹೆಸರನ್ನು ಬ್ರಿಟಿಷರ ಕಾಗುಣಿತದಲ್ಲೇ ಕೊಟ್ಟು ನೋಡಿ. ಇಂದಿನ ಕಾಗುಣಿತದಲ್ಲಿ ಏನೂ ಸಿಗಲಿಲ್ಲವೆಂದರೆ ದಾಖಲೆ ಇಲ್ಲವೆಂದು ಅರ್ಥವಲ್ಲ.

ಪ್ರಶ್ನೆ: ಗೋವೆಯ ಪತ್ರಾಗಾರದಲ್ಲಿ ಕೆಳದಿ, ಸೋದೆ ಅರಸರ ಬಗ್ಗೆ ದಾಖಲೆಗಳಿವೆಯಂತೆ. ಪೋರ್ಚುಗೀಸ್ ಕೈಬರಹವನ್ನು ಯಂತ್ರದಿಂದ ಓದಿಸಬಹುದೇ?
ಕಾಲೇಜು ಅಧ್ಯಾಪಕರು, ಮಡಗಾಂವ್

ಉತ್ತರ: ಇವೆ. ಪಣಜಿಯ ಪತ್ರಾಗಾರ 1595ರಷ್ಟು ಹಳೆಯದು, ಮೊದಲ ಪಾಲಕ ಚರಿತ್ರೆಕಾರ ದಿಯೋಗು ದು ಕೋತು. ಲಿಸ್ಬನ್ನಿನ ಜೊತೆ ನಡೆದ ಪತ್ರವ್ಯವಹಾರ ‘ಮೊನ್ಸೋಯಿಂಸ್’ ಸರಣಿಯಲ್ಲಿದೆ. ನೆರೆಯ ಅರಸರ ಜೊತೆಗಿನದು ‘ರೈಸ್ ವಿಜಿನ್ಯೋಸ್’ ಸರಣಿಯಲ್ಲಿ. ನಿಮಗೆ ಬೇಕಾದ್ದು ಮುಖ್ಯವಾಗಿ ಎರಡನೆಯದು. ಹೋಗುವ ಮುಂಚೆ ಪಾಂಡುರಂಗ ಪಿಸುರ್ಲೇಕರರು 1955ರಲ್ಲಿ ಪ್ರಕಟಿಸಿದ ಪತ್ರಾಗಾರದ ಮಾರ್ಗದರ್ಶಿಯಲ್ಲಿ ಸಂಪುಟ ಸಂಖ್ಯೆ ಗುರುತು ಹಾಕಿಕೊಳ್ಳಿ. ಪೋರ್ಚುಗೀಸರ ಬಾಯಲ್ಲಿ ಹೊನ್ನಾವರ ‘ಓನೋರ್’, ಬಸ್ರೂರು ‘ಬಾರ್ಸೆಲೋರ್’, ಸೋದೆ ‘ಸುಂದಾ’, ಸೀಮೆಯೆಲ್ಲ ‘ಕನರಾ’. ಈ ರೂಪಗಳಿಲ್ಲದೆ ಹುಡುಕಬೇಡಿ.

ಕೈಬರಹಕ್ಕೆ ಟ್ರಾನ್ಸ್‌ಕ್ರಿಬಸ್ ಎಂಬ ವೇದಿಕೆ ಇದೆ, ಹಳೆಯ ಪೋರ್ಚುಗೀಸ್ ಬರಹಕ್ಕೆ ತರಬೇತಾದ ಮಾದರಿಗಳು ಅದರಲ್ಲಿ ಸಿಗುತ್ತವೆ. ಒಬ್ಬ ಗುಮಾಸ್ತನ ಕೈಗೆ ಹೊಂದಿಸಬೇಕಾದರೆ ನೀವೇ 5,000ದಿಂದ 15,000 ಪದಗಳಷ್ಟನ್ನು ಸಾಲುಸಾಲಾಗಿ ಸರಿಯಾಗಿ ಟೈಪ್ ಮಾಡಿ ಕಲಿಸಬೇಕು. ಸಂಕ್ಷಿಪ್ತ ರೂಪಗಳನ್ನು ಬಿಡಿಸಿ ಬರೆಯುವುದೋ ಇದ್ದಂತೆ ಬರೆಯುವುದೋ ಎಂದು ಮೊದಲೇ ತೀರ್ಮಾನಿಸಿ. ನಡುವೆ ಬದಲಿಸಿದರೆ ಯಂತ್ರ ಎರಡನ್ನೂ ಕಲಿತು ಎರಡರಲ್ಲೂ ತಪ್ಪುತ್ತದೆ. ಸಂಘದ ಕನ್ನಡ ನಡವಳಿ ಪುಸ್ತಕಗಳಿಗೂ ಇದೇ ಕ್ರಮ ಅನುಸರಿಸಬಹುದು.

ಆ ಕಾಲದ ಮಸಿಯಲ್ಲಿ ಕಬ್ಬಿಣ ಮತ್ತು ಆಮ್ಲವಿದೆ. ಗೋವೆಯ ತೇವದಲ್ಲಿ ಅದು ಕಾಗದವನ್ನೇ ತಿಂದು ಅಕ್ಷರದ ಜಾಗದಲ್ಲಿ ತೂತು ಬೀಳಿಸುತ್ತದೆ. ಹಿಂಬದಿಯ ಬರಹ ಮುಂದಕ್ಕೆ ಕಾಣುತ್ತಿದ್ದರೆ ಹಾಳೆಯ ಹಿಂದೆ ಕಪ್ಪು ಕಾಗದವಿಟ್ಟು ಚಿತ್ರ ತೆಗೆಯಿರಿ. ತೂತುಗಳಿರುವ ಹಾಳೆಗೆ ಮಾತ್ರ ಕಪ್ಪು ಬೇಡ, ತೂತು ಮಸಿಯಂತೆ ಕಾಣುತ್ತದೆ. ಅದೇ ಹಾಳೆಯ ಬಣ್ಣದ ಕಾಗದವಿಡಿ. ಚಿತ್ರ ತೆಗೆಯಲು ಪತ್ರಾಗಾರದ ಲಿಖಿತ ಅನುಮತಿ ಬೇಕು.

ಪ್ರಶ್ನೆ: ಮಳೆಗಾಲದಲ್ಲಿ ಕಪಾಟಿನ ಪುಸ್ತಕಗಳಿಗೆ ಬೂಷ್ಟು ಹಿಡಿದಿದೆ. ಸ್ಕ್ಯಾನ್ ಮಾಡುವ ಮುಂಚೆ ಏನು ಮಾಡಬೇಕು?
ಗೃಹಿಣಿ, ಪನವೇಲ್

ಉತ್ತರ: ಬೇರೆ ಪುಸ್ತಕಗಳಿಂದ ದೂರವಿಡಿ. ಹಸಿಯಿರುವಾಗ ಉಜ್ಜಬೇಡಿ, ಬೂಷ್ಟು ಕಾಗದದೊಳಗೆ ಇಳಿಯುತ್ತದೆ. ಬಿಸಿಲಿಗಿಡದೆ, ಫ್ಯಾನಿನ ಗಾಳಿ ನೇರವಾಗಿ ಬಡಿಯದ ಹಾಗೆ ಒಣ ಕೋಣೆಯಲ್ಲಿ ಹಾಳೆಗಳನ್ನು ಬಿಡಿಸಿ ಒಣಗಿಸಿ. ಪೂರ್ತಿ ಒಣಗಿದ ಮೇಲೆ ಎನ್95 ಮುಖಗವಸು ಹಾಕಿಕೊಂಡು, ಮನೆಯ ಹೊರಗೆ, ಮೆತ್ತನೆಯ ಬ್ರಷ್‌ನಿಂದ ಒಂದೇ ದಿಕ್ಕಿಗೆ ಗುಡಿಸಿ. ಫಿನೈಲ್, ಬ್ಲೀಚಿಂಗ್ ಪುಡಿ, ಡೆಟಾಲ್ ಯಾವುದೂ ಬೇಡ. ಕೋಣೆಯ ತೇವಾಂಶ ಶೇ. 65 ದಾಟಿದರೆ ಬೂಷ್ಟು ಮತ್ತೆ ಬರುತ್ತದೆ. ಒಂದು ಸಾಮಾನ್ಯ ತೇವಮಾಪಕ ಕೊಂಡು ಕಪಾಟಿನಲ್ಲಿಡಿ. 45ರಿಂದ 55ರ ನಡುವೆ ಇದ್ದರೆ ಒಳ್ಳೆಯದು. ಕಪಾಟು ಹೊರಗೋಡೆಗೆ ತಾಗದಿರಲಿ. ಹುಳು ಬಿದ್ದ ಪುಸ್ತಕವನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಟ್ಟು, ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚದೆ ಬಿಡಿ.

ಪ್ರಶ್ನೆ: ಸಂಘದ ಪತ್ರಿಕೆ ನಮ್ಮದೇ. ಎಲ್ಲವನ್ನೂ ಅಂತರ್ಜಾಲಕ್ಕೆ ಹಾಕಲು ಅಡ್ಡಿಯಿಲ್ಲವಲ್ಲ?
ಸಂಪಾದಕ ಮಂಡಳಿಯ ಸದಸ್ಯರು, ಅಂಧೇರಿ

ಉತ್ತರ: ಇದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ ಲೇಖಕರು ತೀರಿಕೊಂಡ ಮರುವರ್ಷದ ಜನವರಿ 1ರಿಂದ 60 ವರ್ಷ ಬರಹದ ಹಕ್ಕು ಇರುತ್ತದೆ. 1964ರಲ್ಲಿ ತೀರಿಕೊಂಡವರ ಬರಹ 2025ರ ಜನವರಿ 1ರಿಂದ ಎಲ್ಲರದು. 2012ರ ತಿದ್ದುಪಡಿಯ ನಂತರ ಫೋಟೋಗಳಿಗೂ ತೆಗೆದವರ ಮರಣದಿಂದ ಇದೇ ಲೆಕ್ಕ; ಅನಾಮಧೇಯ ಬರಹಗಳಿಗೆ ಪ್ರಕಟವಾದ ಮರುವರ್ಷದ ಜನವರಿ 1ರಿಂದ 60 ವರ್ಷದ ಲೆಕ್ಕ. ಹಕ್ಕನ್ನು ಸಂಘಕ್ಕೆ ಬರೆದುಕೊಡದಿದ್ದರೆ ಪ್ರತಿ ಕಥೆ, ಕವಿತೆ ಅದರ ಲೇಖಕರದೇ. ಲಾಭಕ್ಕಲ್ಲದ ಸಾರ್ವಜನಿಕ ಗ್ರಂಥಾಲಯ ತನ್ನಲ್ಲಿರುವ ಪ್ರತಿಯನ್ನು ಕಾಪಾಡಲೆಂದು ಡಿಜಿಟಲ್ ಆಗಿ ಇಟ್ಟುಕೊಳ್ಳಲು 2012ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಲೋಕಕ್ಕೆಲ್ಲ ಹಂಚಲು ಕೊಟ್ಟಿಲ್ಲ. ಬದುಕಿರುವ ಲೇಖಕರಿಂದ, ಅವರ ಮಕ್ಕಳಿಂದ ಒಂದು ಸಾಲಿನ ಒಪ್ಪಿಗೆ ಪತ್ರ ಪಡೆಯಿರಿ. ಪ್ರೀತಿಯಿಂದ ಕೇಳಿದರೆ ಬಹಳ ಜನ ಕೊಡುತ್ತಾರೆ. ಅಲ್ಲಿಯವರೆಗೆ ಪರಿವಿಡಿ ಮತ್ತು ಹುಡುಕು ಸೌಲಭ್ಯ ಮಾತ್ರ ತೆರೆದಿಡಿ.

ಶಾಲಾ ದಾಖಲಾತಿ, ಸದಸ್ಯತ್ವ ಅರ್ಜಿ, ಸಹಾಯಧನ ಕೋರಿದ ಪತ್ರಗಳನ್ನು ಸ್ಕ್ಯಾನ್ ಮಾಡಿ, ಆದರೆ ಬದುಕಿರುವವರ ಜಾತಿ, ವಯಸ್ಸು, ವಿಳಾಸ, ಸಂಬಳ ಇರುವುದನ್ನು ಅಂತರ್ಜಾಲಕ್ಕೆ ಬಿಡಬೇಡಿ.

ಪ್ರಶ್ನೆ: ಸ್ಕ್ಯಾನ್ ಆದದ್ದನ್ನು ಪೆನ್‌ಡ್ರೈವಿನಲ್ಲಿ ಇಟ್ಟರೆ ಸಾಕೇ?
ಓದುಗರು, ವಾಸ್ಕೋ

ಉತ್ತರ: ಸಾಲದು. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಿನಲ್ಲಿ. ಉದಾಹರಣೆಗೆ ಕಚೇರಿಯ ಹಾರ್ಡ್ ಡಿಸ್ಕ್ ಒಂದು, ಕ್ಲೌಡ್ ಒಂದು, ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ನಂಬಿಕೆಯವರ ಮನೆಯಲ್ಲಿ ಇನ್ನೊಂದು ಹಾರ್ಡ್ ಡಿಸ್ಕ್. ಕೆಲಸ ಮುಗಿದ ದಿನವೇ ಪ್ರತಿ ಫೈಲಿಗೆ ಎಸ್‌ಎಚ್‌ಎ-256 ಚೆಕ್‌ಸಮ್ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ತೆಗೆದು ಪಟ್ಟಿ ಮಾಡಿಡಿ. ಒಂದೇ ಒಂದು ಬಿಟ್ ಬದಲಾದರೂ ಆ ಸಂಖ್ಯೆ ಪೂರ್ತಿ ಬೇರೆಯಾಗುತ್ತದೆ. ವರ್ಷಕ್ಕೊಮ್ಮೆ ಮತ್ತೆ ಲೆಕ್ಕ ಹಾಕಿ ಹೋಲಿಸಿ, ಕೆಟ್ಟ ಫೈಲನ್ನು ಇನ್ನೊಂದು ಪ್ರತಿಯಿಂದ ತುಂಬಿ. ಐದು ವರ್ಷಕ್ಕೊಮ್ಮೆ ಹೊಸ ಡಿಸ್ಕಿಗೆ ಸಾಗಿಸಿ, ಸಂಘದ ಬಜೆಟ್ಟಿನಲ್ಲಿ ಅದಕ್ಕೆ ಹಣ ತೆಗೆದಿಡಿ. ಮೂಲ ಕಾಗದಗಳನ್ನು ರದ್ದಿಗೆ ಹಾಕಬೇಡಿ. ಯಾವುದೋ ಪುಟ ಸ್ಕ್ಯಾನಿನಲ್ಲಿ ತಪ್ಪಿದೆ ಎಂದು ಹತ್ತು ವರ್ಷದ ನಂತರ ಗೊತ್ತಾದಾಗ ತೆರೆದು ನೋಡಲು ಅದು ಇರಬೇಕು.